ಬಸಿರುಗೋಡೆ

ಗೊತ್ತಪ್ಪನ ಬಾಯಲ್ಲಿ ಹೊರಡದ ಮಾತು ಒಂದೇ ಒಂದಿತ್ತು. ‘ಗೊತ್ತಿಲ್ಲ’ ಎಂಬುದೇ ಆ ಮಾತು.

ಅದು ಅವನ ಹುಟ್ಟುಹೆಸರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಹೆತ್ತವರು ಚೆಂದದ್ದೇ ಒಂದು ಹೆಸರಿಟ್ಟಿದ್ದರು. ಆದರೆ ಏನು ಕೇಳಿದರೂ, ಕೇಳಿ ಮುಗಿಸುವುದರೊಳಗೆ “ಗೊತ್ತು ಬಿಡಿ” ಎಂದು ಶುರುಮಾಡುವ ಮನುಷ್ಯನನ್ನು ಬೀದಿಯವರು ಎಷ್ಟು ಕಾಲ ಸರಿಯಾದ ಹೆಸರಿನಿಂದ ಕರೆದಾರು? ಮೊದಮೊದಲು ಬೆನ್ನ ಹಿಂದೆ ಗೊತ್ತಪ್ಪ ಎಂದರು. ಆಮೇಲೆ ಎದುರಿಗೇ ಅಂದರು. ಅವನು ಓಗೊಟ್ಟ. ಅಲ್ಲಿಗೆ ನಾಮಕರಣ ಮುಗಿಯಿತು.

ಇಂಥವನಿಗೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ ಸಿಕ್ಕಿತ್ತು. ಕೊಟ್ಟವರಿಗೆ ದೊಡ್ಡ ನಮಸ್ಕಾರ ಹಾಕಬೇಕು. ಕಿಟಕಿಯಾಚೆ ನಿಂತು ಯಾರೇ ಬಗ್ಗಿ ಕೇಳಲಿ, ಗೊತ್ತಪ್ಪ ಒಂದು ಕ್ಷಣವೂ ತಡಮಾಡದೆ ಉತ್ತರ ಕೊಡುತ್ತಿದ್ದ. ಅವನ ಉತ್ತರ ನಂಬಿ ಎಷ್ಟೋ ಜನ ದಕ್ಷಿಣಕ್ಕೆ ಹೋಗಿದ್ದರು. ಹಾಗೆ ದಾರಿ ತಪ್ಪಿದವನೊಬ್ಬ ತಲುಪಿದ ಊರಿನಲ್ಲೇ ಹೆಣ್ಣು ನೋಡಿ ಮದುವೆಯಾಗಿ, ಹೆಂಡತಿಯನ್ನು ಕರೆದುಕೊಂಡು ಬಂದು ಕಿಟಕಿಯೆದುರು ನಿಂತು ಕೈಮುಗಿದ. “ನನಗೆ ಗೊತ್ತಿತ್ತು” ಎಂದ ಗೊತ್ತಪ್ಪ.

ಹೀಗೆ ದಿನವಿಡೀ ಕಿಟಕಿಯಲ್ಲಿ ಕೂರುವವನ ಮನೆಯಲ್ಲಿ ಮಾತ್ರ ಕಿಟಕಿಯಿರಲಿಲ್ಲ. ಈ ಕಥೆ ಆ ಇಲ್ಲದ ಕಿಟಕಿಯದು.

ಅವನ ಮನೆಯಿದ್ದದ್ದು ಊರಿನ ಬಹಳ ಹಳೆಯ ಬೀದಿಯಲ್ಲಿ. ಅಲ್ಲಿನ ಮನೆಗಳಿಗೆ ತಮ್ಮ ಕಾಲ ಮೇಲೆ ತಾವು ನಿಲ್ಲುವ ಅಭ್ಯಾಸವಿಲ್ಲ. ಒಂದರ ಹೆಗಲಿಗೆ ಇನ್ನೊಂದು ಒರಗಿಕೊಂಡು ನಿಂತಿವೆ. ಒಬ್ಬರು ಮೊಳೆ ಹೊಡೆದರೆ ಪಕ್ಕದ ಮನೆಯ ಪಟ ಕೆಳಗೆ ಬೀಳುತ್ತದೆ. ಉಪ್ಪರಿಗೆಗಳು ಎದುರುಬದುರಾಗಿ ಎಷ್ಟು ಬಾಗಿವೆಯೆಂದರೆ, ಈಚೆಯವರು ಸೀನಿದರೆ ಆಚೆಯವರು ಮುಖ ಒರೆಸಿಕೊಳ್ಳುತ್ತಾರೆ. ಬಾಗಿಲುಗಳೆಲ್ಲ ಗಿಡ್ಡ, ಎಂಥ ಜಂಬದ ಮನುಷ್ಯನೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ತಗ್ಗಿಸದವರ ಹಣೆಯ ಗುರುತು ಬಾಗಿಲವಾಡದ ಮೇಲೆ ಇರುತ್ತದೆ. ಮನೆ ಮನೆಗೂ ಜಗಲಿ, ಜಗಲಿಗೆ ಮರದ ಕಂಬ, ಕಂಬಕ್ಕೆ ಒರಗಿಕೊಂಡು ಯಾರಾದರೊಬ್ಬರು. ಬೀದಿ ಮಾತ್ರ ಅಗಲ ಸಾಲದು. ಮಳೆ ಬಂದಾಗ ಎದುರೆದುರು ಬಂದ ಇಬ್ಬರಲ್ಲಿ ಒಬ್ಬರು ಛತ್ರಿ ಮಡಚಬೇಕು. ಯಾರು ಮಡಚಬೇಕು ಎಂಬುದರ ಮೇಲೆ ಆ ಬೀದಿಯಲ್ಲಿ ಹಳೆಯ ವೈರಗಳೂ ಇದ್ದವು.

ಗೊತ್ತಪ್ಪನ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಒಳ್ಳೆಯ ಕೈ. ಆದರೆ ಕೋಣೆಗೆ ಬೆಳಕು ಬರಲು ಇದ್ದದ್ದು ಬೀದಿ ಬಾಗಿಲೊಂದೇ. ಬೆಳಕು ಸರಿದ ಹಾಗೆ ಅವಳೂ ಯಂತ್ರವನ್ನು ಸರಿಸಬೇಕು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಬಾಗಿಲಿಗೇ ಬಂದು ಕೂತಿರುತ್ತಿತ್ತು. ಬಂದವರು ಹಾರಿಕೊಂಡೇ ಒಳಗೆ ಹೋಗಬೇಕು. ಯಾರಾದರೂ ಬಾಗಿಲಲ್ಲಿ ನಿಂತು ಮಾತಿಗೆಳೆದರೆ ಅವಳು ತಲೆ ಎತ್ತದೆ, “ಬೆಳಕು ಬಿಡಿ” ಎನ್ನುತ್ತಿದ್ದಳು. ಇತ್ತೀಚೆಗೆ ಕಣ್ಣೂ ಸೋಲತೊಡಗಿತ್ತು. ಮೂಲೆಮನೆಯ ಮೇಷ್ಟ್ರ ಹೊಸ ಅಂಗಿಗೆ ಎರಡೂ ಎಡಗೈ ತೋಳನ್ನೇ ಹೊಲಿದು ಕೊಟ್ಟಿದ್ದಳು. ಮೇಷ್ಟ್ರು ಜಿಪುಣರು, ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದರು. ಅವರ ಬಲಗೈ ಯಾರನ್ನೋ ಹಿಂದಿನಿಂದ ಕರೆಯುತ್ತಿರುವಂತೆ ತಿರುಚಿಕೊಂಡೇ ಇರುತ್ತಿತ್ತು. ಆ ಕೈ ಬೀದಿಯಲ್ಲಿ ಹಾದುಹೋದಾಗಲೆಲ್ಲ ಅವಳಿಗೆ ಸಂಕಟವಾಗುತ್ತಿತ್ತು.

ಸೂಜಿಗೆ ದಾರ ಪೋಣಿಸುವುದು ಗೊತ್ತಪ್ಪನ ಪಾಲಿನ ಕೆಲಸ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬೀದಿಗಿಳಿದು, ಬೆಳಕಿಗೆ ಮುಖ ಮಾಡಿ, ದಾರದ ತುದಿಯನ್ನು ತುಟಿಗಳ ನಡುವೆ ಒದ್ದೆಮಾಡಿ, ಒಂದು ಕಣ್ಣು ಮುಚ್ಚಿ, ಅಂದಿಗೆ ಬೇಕಾದ ಸೂಜಿಗಳನ್ನೆಲ್ಲ ಪೋಣಿಸಿ ಕೊಡುತ್ತಿದ್ದ. ಸಂಸಾರದಲ್ಲಿ ಅವನು ತಪ್ಪದೆ ಮಾಡಿದ ಕೆಲಸ ಅದೊಂದೇ. ಬಾಯಿ ಮುಚ್ಚಿರುತ್ತಿದ್ದದ್ದೂ ಆಗ ಮಾತ್ರ.

ಇನ್ನು ಆ ಮುಂದಿನ ಗೋಡೆ. ಅದು ನೆಟ್ಟಗಿರಲಿಲ್ಲ. ಗಾರೆಯವರ ಭಾಷೆಯಲ್ಲಿ ಹೇಳುವುದಾದರೆ ಗೋಡೆ ಹೊಟ್ಟೆ ಬಿಟ್ಟಿತ್ತು. ಮನೆ ತಾತನ ಕಾಲದ್ದೇ. ಆದರೆ ಗೊತ್ತಪ್ಪನ ಮದುವೆಯಾದ ವರ್ಷ ಮಳೆಗೆ ಮುಂದಿನ ಗೋಡೆ ಕುಸಿದಿತ್ತು. ಹೆಂಡತಿಯ ತಮ್ಮ ಆಗಿನ್ನೂ ಗಾರೆ ಕೆಲಸ ಕಲಿಯುತ್ತಿದ್ದ ಹುಡುಗ. “ಅಕ್ಕನ ಮನೆ ಗೋಡೆ ನಾನು ಕಟ್ಟಿಕೊಡ್ತೀನಿ” ಎಂದು ಹಟಮಾಡಿ ಕಟ್ಟಿದ. ಗೋಡೆ ಸೊಂಟದ ಮಟ್ಟಕ್ಕೆ ಬರುತ್ತಲೇ ಬೀದಿಯ ಕಡೆ ಉಬ್ಬಿ, ಮೇಲೆ ಹೋಗಿ ಮತ್ತೆ ಒಳಕ್ಕೆಳೆದುಕೊಂಡು, ಊಟ ಮುಗಿಸಿ ನಿಂತವರ ಭಂಗಿಯಲ್ಲಿ ನಿಂತುಬಿಟ್ಟಿತು. ಅವಸರದಲ್ಲಿ ಕಿಟಕಿ ಇಡುವುದನ್ನೂ ಅವನು ಮರೆತಿದ್ದ.

ಈಗ ಬಾಮೈದ ದೊಡ್ಡ ಕಂಟ್ರಾಕ್ಟರ್. ಊರ ಹೊರಗೆ ಅವನು ಕಟ್ಟಿಸಿದ ಅಂತಸ್ತು ಅಂತಸ್ತಿನ ಕಟ್ಟಡಗಳು ಆಕಾಶಕ್ಕೆ ನೆಟ್ಟಗೆ ಹೋಗಿವೆ. ಅಕ್ಕನ ಮನೆಗೆ ಬಂದಾಗ ಮಾತ್ರ ಆ ಗೋಡೆಯ ಕಡೆ ಮುಖ ಮಾಡದೆ ಅಡ್ಡಡ್ಡಲಾಗಿ ಒಳಗೆ ಬರುತ್ತಿದ್ದ. “ಮುಂದಿನ ವಾರ ಬಂದು ಇದನ್ನ ಕೆಡವಿ, ನೆಟ್ಟಗೆ ಕಟ್ಟಿ, ನಿನಗೊಂದು ಕಿಟಕಿ ಇಟ್ಟುಕೊಡ್ತೀನಿ ಅಕ್ಕಾ” ಎಂದು ವರ್ಷಗಳಿಂದ ಹೇಳುತ್ತಿದ್ದ. ಕೊನೆಗೆ ಅಕ್ಕ ಅವನ ಎದುರಿಗೆ ಮೇಷ್ಟ್ರ ಅಂಗಿಯ ಕಥೆ ಹೇಳಿ ಅತ್ತುಬಿಟ್ಟಳು. ಬಾಮೈದನ ಮನಸ್ಸು ಕರಗಿತು. ಆ ಮುಂದಿನ ವಾರ ನಿಜವಾಗಿಯೂ ಬರುವುದೆಂದು ನಿಶ್ಚಯವಾಯಿತು.

ಅಷ್ಟರಲ್ಲಿ ಮೇಡಂ ಬಂದರು.

ಕಟ್ಟಡಗಳ ವಿಷಯ ಹೇಳಿಕೊಡುವ ಕಾಲೇಜಿನ ಮೇಡಂ. ಹಳೆಯ ಬೀದಿಗಳನ್ನು ಉಳಿಸಲು ನಗರಸಭೆಗೆ ಸಲಹೆ ಕೊಡುವುದಕ್ಕೆಂದು ಕ್ಯಾಮೆರಾ ನೇತುಹಾಕಿಕೊಂಡು ಮನೆ ಮನೆ ನೋಡುತ್ತಾ ಬರುತ್ತಿದ್ದರು. ಗೊತ್ತಪ್ಪ ಬೀದಿಯಲ್ಲಿ ನಿಂತು ಸೂಜಿಗೆ ದಾರ ಪೋಣಿಸಿ ಆಗಷ್ಟೇ ಮುಗಿಸಿದ್ದ. ಅವರು ಒಂದು ಗಳಿಗೆ ಮುಂಚೆ ಬಂದಿದ್ದರೆ ದಾರ ಅವನ ಬಾಯಲ್ಲಿರುತ್ತಿತ್ತು, ಈ ಕಥೆಯೇ ಇರುತ್ತಿರಲಿಲ್ಲ.

ಮೇಡಂ ಗೋಡೆಯ ಮುಂದೆ ನಿಂತರು. ಹಿಂದಕ್ಕೆ ಹೋದರು. ಪಕ್ಕದಿಂದ ನೋಡಿದರು. ಕಣ್ಣರಳಿಸಿ ಕೇಳಿದರು:

“ಸಾರ್, ಈ ಗೋಡೆ ಯಾಕೆ ಹೀಗಿದೆ? ನಿಮಗೇನಾದ್ರೂ ಗೊತ್ತಾ?”

ಕೇಳಬಾರದ ಮಾತನ್ನು ಕೇಳಬಾರದವನ ಹತ್ತಿರ ಕೇಳಿದ್ದಾಗಿತ್ತು.

“ಗೊತ್ತಿಲ್ಲದೆ ಏನು ಮೇಡಂ!” ಎಂದ ಗೊತ್ತಪ್ಪ. ಆದರೆ ಓದಿದ ಹೆಣ್ಣುಮಗಳ ಎದುರು ‘ಹೊಟ್ಟೆ ಬಿಟ್ಟಿದೆ’ ಎನ್ನಲು ನಾಚಿಕೆಯಾಯಿತು. ಮರ್ಯಾದೆಯ ಮಾತಿಗಾಗಿ ತಡಕಾಡಿದ. “ಇದು... ಇದು ಬಸಿರುಗೋಡೆ.”

“ಬಸಿರುಗೋಡೆ! ಅಂದ್ರೆ ಇದೊಂದು ಶೈಲೀನಾ?”

“ಶೈಲಿ ಅಂದ್ರೆ ಶೈಲೀನೇ. ಈಗ ಹುಡುಕಿದ್ರೂ ಸಿಗಲ್ಲ.”

“ಇದರಿಂದ ಏನು ಪ್ರಯೋಜನ?”

“ಏನಿಲ್ಲ ಅನ್ನಿ! ಗಾಳಿ ನೇರವಾಗಿ ಬಂದು ಬಡಿಯಲ್ಲ, ಹೊಟ್ಟೆ ಸವರಿಕೊಂಡು ಹೋಗುತ್ತೆ. ಬೇಸಿಗೇಲಿ ಒಳಗೆ ತಂಪು. ಚಳೀಲಿ ಬೆಚ್ಚಗೆ. ದಾರೀಲಿ ಹೋಗೋರಿಗೆ ಬೆನ್ನು ಆನಿಸಿಕೊಳ್ಳೋಕೆ ಅನುಕೂಲ.” ಕೊನೆಯದೊಂದು ನಿಜ. ಮೂಟೆ ಹೊರುವವರು, ಅಂಚೆಯವನು ಎಲ್ಲರೂ ಅಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಗೋಡೆಯ ಉಬ್ಬು ಸರಿಯಾಗಿ ಸೊಂಟದ ಕೊರಕಲಿಗೆ ಕೂರುತ್ತಿತ್ತು.

“ಕಟ್ಟಿದ್ದು ಯಾರು?”

ಇಲ್ಲಿ ಗೊತ್ತಪ್ಪ ಸುಳ್ಳು ಹೇಳಲಿಲ್ಲ. ಅದನ್ನು ಗಮನಿಸಬೇಕು. “ನಮ್ಮ ಮನೆಯವರ ಕಡೆಯವರು” ಎಂದ. ಹೆಂಡತಿಯ ಕಡೆಯವರು ಎಂಬುದು ಅವನ ಅರ್ಥ. ಮನೆತನದ ಹಿರಿಯರು ಎಂದು ಮೇಡಂಗೆ ಅರ್ಥವಾಯಿತು.

“ಅವರು ಈಗ...?”

“ಈಗೇನು ಮೇಡಂ, ಮೇಲೆ ಹೋಗ್ಬಿಟ್ರು. ತುಂಬಾ ಮೇಲೆ.” ಬಾಮೈದನ ಅಂತಸ್ತು ಅಂತಸ್ತಿನ ಕಟ್ಟಡಗಳನ್ನು ನೆನೆದು ಗೊತ್ತಪ್ಪ ಹೆಮ್ಮೆಯಿಂದ ಆಕಾಶದ ಕಡೆ ಬೆರಳು ತೋರಿಸಿದ.

ಮೇಡಂ ತಲೆ ತಗ್ಗಿಸಿ ಗೋಡೆಗೆ ಕೈಮುಗಿದರು. “ಹೆಸರೂ ಉಳಿಯಲಿಲ್ಲ ಪಾಪ” ಎಂದರು. ಬಾಮೈದನ ಏಳಿಗೆಗೆ ಇವರೇಕೆ ಪಾಪ ಎನ್ನುತ್ತಾರೆಂದು ಗೊತ್ತಪ್ಪನಿಗೆ ಗೊತ್ತಾಗಲಿಲ್ಲ. ಆದರೂ ಗೊತ್ತಾದವನಂತೆ ತಲೆಯಾಡಿಸಿದ. ಒಳಗೆ ಹೊಲಿಗೆ ಯಂತ್ರ ಗಡಗಡ ಓಡುತ್ತಿತ್ತು. ಹೆಂಡತಿಗೆ ಇದೊಂದೂ ಕೇಳಲಿಲ್ಲ.

ಬಾಮೈದ ಬರಬೇಕಾದ ದಿನ ಬೆಳಿಗ್ಗೆ ಅವನಿಗಿಂತ ಮುಂಚೆ ನಗರಸಭೆಯ ಸಾಹೇಬರು ಬಂದರು. ಹಿಂದೆ ಏಣಿ, ಸುತ್ತಿಗೆ, ಒಂದು ನೀಲಿ ಬೋರ್ಡು. ಬೀದಿಯವರು ನೋಡುನೋಡುತ್ತಿರುವಂತೆ ಬೋರ್ಡನ್ನು ಗೊತ್ತಪ್ಪನ ಬಾಗಿಲ ಮೇಲೆ ಹೊಡೆಸಿದರು: ‘ಬಸಿರುಗೋಡೆ. ಈ ಮನೆತನದ ದಿವಂಗತ ಹಿರಿಯರ ಅಪೂರ್ವ ರಚನೆ. ಸಂರಕ್ಷಿತ. ಮುಟ್ಟಬಾರದು.’

ಗೊತ್ತಪ್ಪನಿಗೆ ಎದೆ ಉಬ್ಬಿತು. ಅವನೂ ಗೋಡೆಯೂ ಸ್ವಲ್ಪ ಹೊತ್ತು ಒಂದೇ ಆಕಾರದಲ್ಲಿದ್ದರು. ಅಷ್ಟರಲ್ಲಿ ಹೆಂಡತಿ ಯಂತ್ರ ನಿಲ್ಲಿಸಿ ಹೊರಗೆ ಬಂದಳು.

“ಏನ್ರೀ ಇದು? ಇವತ್ತು ಗೋಡೆ ಒಡೀಬೇಕಲ್ಲ?”

“ಒಡೆಯೋದಾ?” ಸಾಹೇಬರು ಬೆಚ್ಚಿಬಿದ್ದರು. “ಅಮ್ಮಾ, ಓದಿ ನೋಡಿ. ಮುಟ್ಟಬಾರದು ಅಂತಿದೆ.”

“ಒಳಗಡೆಯಿಂದ ಒಂದು ಕಿಟಕಿ ಇಟ್ಕೋತೀನಿ ಸಾರ್. ಬೀದಿ ಕಡೆ ಕೈ ಹಚ್ಚಲ್ಲ.”

“ಒಳಗಡೆಯಿಂದ ಮುಟ್ಟಿದ್ರೂ ಅದೇ ಗೋಡೆ ತಾನೇ?”

ಮೂಟೆ ಇಳಿಸಿ ನಿಂತಿದ್ದವನೊಬ್ಬ ಕೇಳಿದ: “ಒರಗಬಹುದಾ ಸಾಹೇಬ್ರೇ?”

“ಒರಗೋದು ಅಂದ್ರೆ ಬೆನ್ನಿಂದ ಮುಟ್ಟೋದು” ಎಂದು ಸಾಹೇಬರು ಕಾನೂನು ಬಿಡಿಸಿ ಹೇಳಿ, ಏಣಿ ಎತ್ತಿಸಿಕೊಂಡು ಹೋದರು.

ಅವರು ತಿರುವು ದಾಟುತ್ತಲೇ ಬಾಮೈದ ಆಳುಗಳನ್ನೂ ಹಾರೆ ಪಿಕಾಸಿಗಳನ್ನೂ ಕಟ್ಟಿಕೊಂಡು ಬಂದ. ಬೋರ್ಡು ನೋಡಿ ನಿಂತ. ಒಮ್ಮೆ ಓದಿದ. ಬೆರಳಿಟ್ಟು ಇನ್ನೊಮ್ಮೆ ಓದಿದ.

“ಅಕ್ಕಾ, ನಾನು ಯಾವಾಗ ಸತ್ತೆ?”

“ನಿಮ್ಮ ಭಾವನ್ನ ಕೇಳು. ಅವರಿಗೆ ಎಲ್ಲಾ ಗೊತ್ತು.”

ಗೊತ್ತಪ್ಪ ನಡೆದದ್ದನ್ನು ಹೇಳಿದ. ಬಾಮೈದ ಕೆಂಡವಾಗುತ್ತಾನೆಂದು ಎಲ್ಲರೂ ಕಾದರು. ಆದರೆ ಅವನು ನಿಟ್ಟುಸಿರುಬಿಟ್ಟು ಬೆವರು ಒರೆಸಿಕೊಂಡ. “ಸತ್ತಿದ್ದೇ ಒಳ್ಳೇದಾಯ್ತು ಬಿಡಕ್ಕ. ಈ ಗೋಡೆ ಕಟ್ಟಿದವನು ನಾನು ಅಂತ ಗೊತ್ತಾದ್ರೆ ನಾಳೆಯಿಂದ ಯಾರು ನನಗೆ ಕೆಲಸ ಕೊಡ್ತಾರೆ? ಹೋದವನು ಹೋದ ಅಂತ ತಿಳ್ಕೊಂಡು ಸುಮ್ನಿದ್ಬಿಡಿ.” ಆಳುಗಳನ್ನು ಹಿಂದಕ್ಕೆ ಹೊರಡಿಸಿಕೊಂಡು, ತನ್ನ ಸಾವಿನ ಸಮಾಧಾನದಲ್ಲಿ ಹೊರಟೇಹೋದ.

ಅಂದಿನಿಂದ ಬೀದಿಯ ನೆಮ್ಮದಿ ಕೆಟ್ಟಿತು. ಹೆಚ್ಚು ಕೆಟ್ಟದ್ದು ಮೂಲೆಮನೆಯ ಮೇಷ್ಟ್ರದು. ಅವರ ಮನೆಗೆ ಕೆತ್ತನೆಯ ಬಾಗಿಲಿತ್ತು, ದುಂಡು ಕಂಬಗಳಿದ್ದವು, ಮುತ್ತಜ್ಜನ ಕಾಲದ ಹೆಂಚು ಅಲುಗಾಡದೆ ಕೂತಿತ್ತು. ಅಂಥ ಮನೆಗೆ ಇಲ್ಲದ ಬೋರ್ಡು ಆ ಗೋಡೆಗೆ! ಗೋಡೆಗೆ ಹೊಟ್ಟೆ ಬಂದದ್ದಕ್ಕೆ ಮೇಷ್ಟ್ರಿಗೆ ಹೊಟ್ಟೆ ಉರಿಯಿತು. “ನೆಟ್ಟಗಿರೋದಕ್ಕೆ ಕಾಲವಿಲ್ಲ ಕಣಯ್ಯಾ” ಎಂದು ಸೊಟ್ಟ ಬಲಗೈ ಬೀಸುತ್ತಾ ಬೀದಿಯುದ್ದಕ್ಕೂ ಹೇಳಿಕೊಂಡು ಬಂದರು.

ಉಳಿದವರು ತಮ್ಮ ತಮ್ಮ ಗೋಡೆಗಳ ಮೇಲೆ ಕಣ್ಣಿಟ್ಟರು. ದಾರ ಹಿಡಿದು ಅಳೆದರು. ಒಬ್ಬ ತನ್ನ ಮನೆಯ ಗೋಡೆಯನ್ನು ಸವರುತ್ತಾ, “ನಮ್ಮದಕ್ಕೂ ಸ್ವಲ್ಪ ಇದೆ ಅನ್ಸುತ್ತೆ” ಎಂದ. “ಎಷ್ಟು ತಿಂಗಳು?” ಎಂದು ಪಕ್ಕದವನು ಕೇಳಿದ. ಮತ್ತೊಬ್ಬ ರಾತ್ರೋರಾತ್ರಿ ಗೋಡೆಗೆ ಗಾರೆ ಮೆತ್ತಿ ಹೊಟ್ಟೆ ಬರಿಸಲು ಹೋದ. ಬೆಳಗಾಗುವುದರೊಳಗೆ ಅದು ಇಡಿಯಾಗಿ ಕಳಚಿ ಅವನ ಸೈಕಲ್ ಮೇಲೆ ಬಿತ್ತು. ಬೀದಿಯವರು ಹೋಗಿ ಸಾಂತ್ವನ ಹೇಳಿ ಬಂದರು.

ಗೋಡೆಗೆ ಒರಗುವ ಮಂದಿ ಈಗ ಎದುರುಮನೆಯ ಅಜ್ಜಿಯ ಜಗಲಿಗೆ ಬಂದು ಕೂರುತ್ತಿದ್ದರು. ಅಜ್ಜಿಗೆ ಆ ಜಗಲಿಯೇ ಪ್ರಪಂಚ. ಮುಂಜಾನೆಯಿಂದ ಕತ್ತಲಾಗುವವರೆಗೆ ಅಲ್ಲಿ ಕೂತು ಬೀದಿಯನ್ನು ಕಾಯುವುದು ಅವಳ ಉದ್ಯೋಗ. “ಆ ಬೋರ್ಡಿನಲ್ಲಿ ಏನು ಬರೆದಿದೆ?” ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು. ಓದಿ ಹೇಳಿದರೆ ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಳು. ಯಾಕೆ ನಗುತ್ತಾಳೆಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಇತ್ತ ಮನೆಯಲ್ಲಿ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಗೊತ್ತಪ್ಪನಿಗೆ ಉತ್ತರ ಗೊತ್ತಿತ್ತು. ಅವಳು ಬೆಳಿಗ್ಗೆ ಸೂಜಿ ದಾರ ಕೊಡುವುದನ್ನು ನಿಲ್ಲಿಸಿಬಿಟ್ಟಳು. ಎರಡು ದಿನ ಬಾಗಿಲಲ್ಲಿ ಕೂತು, ಕಣ್ಣು ಕಿರಿದು ಮಾಡಿ, ತಾನೇ ಪೋಣಿಸಲು ಒದ್ದಾಡಿದಳು. ಸೂಜಿ ಬೆರಳಿಗೆ ಚುಚ್ಚಿತು.

“ಕೊಡೇ ಇಲ್ಲಿ” ಎಂದ ಗೊತ್ತಪ್ಪ.

“ಬೇಡ. ಇನ್ನು ಈ ಕೆಲಸಾನೇ ಬಿಟ್ಬಿಡ್ತೀನಿ. ಮೇಷ್ಟ್ರ ಕೈ ನೋಡಿದ್ರೆ ನನಗೆ ಊಟ ಸೇರಲ್ಲ. ಒಂದು ಕಿಟಕಿ ಕೇಳಿದ್ದೆ ನಾನು. ಬೋರ್ಡು ಕೇಳಿರ್ಲಿಲ್ಲ.”

ಆ ಮಾತು ಗೊತ್ತಪ್ಪನ ಎದೆಗೆ ನಾಟಿತು. ಅವನು ಹೆಂಡತಿಯನ್ನು ಪ್ರೀತಿಸುತ್ತಿದ್ದ. ಬಾಯಿ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ರಜೆ ಹಾಕಿ ಸೀದಾ ನಗರಸಭೆಗೆ ಹೋದ. ಅಲ್ಲಿ ಅವನು ಕಿಟಕಿಯ ಹೊರಗೆ ನಿಲ್ಲಬೇಕಾಯಿತು. ಬಗ್ಗಿ ಮಾತಾಡಿ ಮಾತಾಡಿ ಸೊಂಟ ನೋಯುವುದೆಂದರೇನು ಎಂದು ಅಂದು ತಿಳಿಯಿತು.

“ಸಾರ್, ಆ ಗೋಡೆ ಹಳೇದಲ್ಲ.”

“ಯಾರು ಹೇಳಿದ್ದು?” ಎಂದರು ಸಾಹೇಬರು.

“ನಾನೇ.”

“ಹಳೇದು ಅಂತ ಹೇಳಿದ್ದು ಯಾರು?”

“ಅದೂ ನಾನೇ.”

“ಇಬ್ಬರು ಬೇರೆ ಬೇರೆ ಮಾತು ಹೇಳಿದ್ರೆ ವಿಚಾರಣೆ ಮಾಡ್ತೀವಿ. ಒಬ್ಬನೇ ಎರಡು ಮಾತು ಹೇಳಿದ್ರೆ ನಮಗೆ ಅನುಕೂಲವಾದದ್ದನ್ನ ಇಟ್ಕೋತೀವಿ. ಗೋಡೆ ಕೆಡವೋ ಆಸೆ ಇರೋರೆಲ್ಲ ಹೀಗೇ ಹೇಳೋದು.”

“ಕಟ್ಟಿದವನು ನಮ್ಮವನೇ ಸಾರ್.”

“ಅವರು ಮೇಲೆ ಹೋದ್ರು ಅಂತ ಮೇಡಂಗೆ ನೀವೇ ಬೆರಳು ತೋರಿಸಿದ್ದೀರಿ. ಅವರನ್ನ ಕೆಳಗಿಳಿಸಿ ಕರ್ಕೊಂಡು ಬನ್ನಿ, ನಾನು ಬೋರ್ಡು ಇಳಿಸ್ತೀನಿ. ಈ ಭಾನುವಾರ ಅಲ್ಲೇ ಮೇಡಂ ಭಾಷಣ ಇದೆ. ಗೋಡೆ ಮುಂದೆ ಸ್ವಲ್ಪ ಗುಡಿಸಿಡಿ.”

ಜೀವಮಾನದಲ್ಲಿ ಮೊದಲ ಸಲ ನಿಜ ಹೇಳಲು ಹೋದವನನ್ನು ಯಾರೂ ನಂಬಲಿಲ್ಲ. ಗೊತ್ತಪ್ಪ ಮನೆಗೆ ಬಂದು ಎಲ್ಲವನ್ನೂ ಹೇಳಿ, ತಲೆ ಮೇಲೆ ಕೈಹೊತ್ತು ಕೂತ. ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿದಳು. ಅವಳಿಗೆ ತಮ್ಮನನ್ನು ತೊಟ್ಟಿಲಿನಿಂದ ಗೊತ್ತು, ಮತ್ತು ಅವಳ ಗೊತ್ತು ಗಂಡನ ಗೊತ್ತಿನಂಥದಲ್ಲ. ಎದ್ದು ಹೋಗಿ ತಮ್ಮನನ್ನು ಕಂಡಳು.

“ಭಾನುವಾರ ಬಾರೋ.”

“ನಾನು ಬಾಯಿ ಬಿಡಲ್ಲ ಅಕ್ಕಾ, ಮೊದಲೇ ಹೇಳಿದ್ದೀನಿ.”

“ಯಾರು ಬಿಡು ಅಂದ್ರು? ಸುಮ್ನೆ ಬಂದು ನಿಂತ್ಕೊ. ಸತ್ತ ಮೇಲೆ ಜನ ಏನು ಹೊಗಳ್ತಾರೆ ಅಂತ ಕೇಳೋ ಯೋಗ ಎಲ್ಲರಿಗೂ ಬರಲ್ಲ.”

ಭಾನುವಾರ ಬೀದಿ ತುಂಬಿತು. ಬೀದಿ ತುಂಬುವುದು ಕಷ್ಟವೇನಲ್ಲ. ಹತ್ತು ಜನ ಸೇರಿದರೆ ಹನ್ನೊಂದನೆಯವನು ಯಾರದಾದರೂ ಜಗಲಿ ಹತ್ತಬೇಕು. ಮೇಡಂ ತಮ್ಮ ವಿದ್ಯಾರ್ಥಿಗಳನ್ನು ಕರೆತಂದಿದ್ದರು. ಸಾಹೇಬರು ಇಸ್ತ್ರಿ ಅಂಗಿಯಲ್ಲಿ ಬಂದಿದ್ದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಮುಖ ಊದಿಸಿಕೊಂಡು ನಿಂತಿದ್ದರು. ಬಾಮೈದ ಕಪ್ಪು ಕನ್ನಡಕ ಹಾಕಿಕೊಂಡು ಹಿಂದೆ ಒಂದು ಕಂಬಕ್ಕೆ ಅಂಟಿಕೊಂಡಿದ್ದ; ಅಕ್ಕ ಅವನ ಪಕ್ಕದಲ್ಲೇ ಇದ್ದಳು.

ಮೇಡಂ ಶುರುಮಾಡಿದರು. “ಈ ಬಾಗು ನೋಡಿ. ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಹೇಳೋಕಾಗುತ್ತಾ? ಸುತ್ತಲ ಗೋಡೆಗಳೆಲ್ಲ ಬೀದಿಗೆ ಬೆನ್ನು ಹಾಕಿದ ಹಾಗಿವೆ. ಇದೊಂದು ಮಾತ್ರ ಬಂದವರನ್ನ ಬನ್ನಿ ಅಂತ ಕರೆಯುತ್ತೆ.”

ಕಂಬದ ಹತ್ತಿರ ಬಾಮೈದ ಕತ್ತು ಉದ್ದ ಮಾಡಿದ.

“ಕಟ್ಟಿದ ಆ ಹಿರಿಯರ ಕೈ ಎಂಥ ಕೈ!”

ಬಾಮೈದ ತನ್ನ ಕೈಯನ್ನು ಮಗುಚಿ ನೋಡಿಕೊಂಡ. ಕನ್ನಡಕ ತೆಗೆದ. “ಅಕ್ಕಾ, ಈ ಹೆಂಗಸಿಗೆ ವಿಷಯ ಗೊತ್ತು” ಎಂದು ಪಿಸುಗುಟ್ಟಿದ.

“ಸುಮ್ನಿರೋ. ನೀನು ಸತ್ತಿದ್ದೀಯ” ಎಂದಳು ಅಕ್ಕ.

“ಈಗಿನ ಕಂಟ್ರಾಕ್ಟರುಗಳೂ ಇದ್ದಾರೆ” ಎಂದು ಮೇಡಂ ದನಿ ಏರಿಸಿದರು. “ಊರ ಹೊರಗೆ ಹೋಗಿ ನೋಡಿ. ಬೆಂಕಿಪೊಟ್ಟಣ ಜೋಡಿಸಿ ಇಟ್ಟ ಹಾಗೆ ಕಟ್ಟಿದ್ದಾರೆ. ಅಂಥವರು ಏಳು ಜನ್ಮ ಎತ್ತಿ ಬಂದ್ರೂ ಇಂಥ ಒಂದು ಗೋಡೆ ಕಟ್ಟೋಕಾಗಲ್ಲ!”

“ಯಾಕಾಗಲ್ಲ?” ಎಂದು ಹಿಂದಿನಿಂದ ಗುಡುಗು ಬಂತು. ಬಾಮೈದ ಜನರನ್ನು ಸೀಳಿಕೊಂಡು ಮುಂದೆ ಬಂದು ನಿಂತಿದ್ದ. “ಯಾಕಾಗಲ್ಲ ಅಂತೀನಿ? ಇದನ್ನ ಕಟ್ಟಿದವನು ನಾನು!”

ಸಾಹೇಬರು ಮುಂದೆ ಬಂದರು. “ನೋಡಿ ಸ್ವಾಮಿ, ಗಲಾಟೆ ಮಾಡಬೇಡಿ. ಕಟ್ಟಿದವರು ತೀರಿಕೊಂಡಿದ್ದಾರೆ.”

“ನಾನೇ ರೀ ತೀರಿಕೊಂಡವನು!”

ಬೀದಿಗೆ ಬೀದಿಯೇ ಬಾಯಿಬಿಟ್ಟುಕೊಂಡು ನಿಂತಿತು. ವಿದ್ಯಾರ್ಥಿನಿಯೊಬ್ಬಳು ಎರಡು ಹೆಜ್ಜೆ ಹಿಂದೆ ಸರಿದಳು.

“ಮೇಲೆ ಹೋದ್ರು ಅಂದ್ರಲ್ಲ ನೀವು?” ಎಂದು ಮೇಡಂ ಗೊತ್ತಪ್ಪನ ಕಡೆ ತಿರುಗಿದರು.

“ಹೋಗಿದ್ದಾನಲ್ಲ ಮೇಡಂ. ಈಗ ಅವನು ಕಟ್ಟಿಸೋದೆಲ್ಲ ಆಕಾಶದ ಮಟ್ಟಕ್ಕೆ...” ಗೊತ್ತಪ್ಪನ ಬೆರಳು ಅರ್ಧಕ್ಕೆ ಏರಿ ನಿಂತುಹೋಯಿತು.

ಮೇಷ್ಟ್ರಿಗೆ ಜೀವ ಬಂದ ಹಾಗಾಯಿತು. ಆದರೂ ಗೋಡೆ ಎದ್ದ ವರ್ಷ ಅವರು ಬೇರೆ ಊರಿನ ಶಾಲೆಯಲ್ಲಿದ್ದರು; ಪಾಠ ಮಾಡಿ ಅಭ್ಯಾಸ, ಸಾಕ್ಷಿಯಿಲ್ಲದೆ ಒಪ್ಪುವವರಲ್ಲ. “ಇವನೇ ಕಟ್ಟಿದ್ದು ಅನ್ನೋಕೆ ನೋಡಿದವರು ಯಾರಿದ್ದಾರೆ?”

“ನಾನಿದ್ದೀನಿ ಕಣಪ್ಪಾ” ಎಂದಳು ಜಗಲಿಯಿಂದ ಅಜ್ಜಿ. “ಒಂದು ವಾರದಿಂದ ಕಾಯ್ತಿದ್ದೀನಿ, ಯಾರಾದ್ರೂ ಒಬ್ಬರು ನನ್ನನ್ನ ಕೇಳ್ತಾರೇನೋ ಅಂತ. ಕಟ್ಟಿದವನು ಇವನೇ. ಆಗಿನ್ನೂ ಮೀಸೆ ಬಂದಿರ್ಲಿಲ್ಲ. ಅರ್ಧ ಗೋಡೆ ಎಬ್ಬಿಸಿ, ‘ನೆಟ್ಟಗಿದೆಯಾ ಭಾವ?’ ಅಂತ ಕೇಳ್ದ. ಪಾಪ, ತೂಗುಗುಂಡು ಬಿಟ್ಟು ನೋಡೋಣ ಅಂತ ಕೈಗೂ ತಗೊಂಡಿದ್ದ. ಇವನಿದ್ದಾನಲ್ಲ,” ಅಜ್ಜಿಯ ಬೆರಳು ಗೊತ್ತಪ್ಪನ ಕಡೆ ತಿರುಗಿತು, “ಹೊಸ ಮದುಮಗ, ಬೀದೀಲಿ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತು, ‘ಗುಂಡು ಯಾಕೋ? ನನಗೆ ಗೊತ್ತು, ನೆಟ್ಟಗಿದೆ, ಕಟ್ಟು’ ಅಂದ. ಹುಡುಗ ಕಟ್ಟಿದ. ಹಾಗಾಗಿ ಗೋಡೆ ಕಟ್ಟಿದ್ದು ಬಾಮೈದ, ಬಸಿರಿಗೆ ಕಾರಣ ಭಾವ.”

ಬೀದಿ ಬಿದ್ದು ಬಿದ್ದು ನಕ್ಕಿತು. ಉಪ್ಪರಿಗೆಗಳಲ್ಲಿ ನಿಂತಿದ್ದವರು ಒಬ್ಬರಿಗೊಬ್ಬರು ಹಣೆ ಗುದ್ದಿಕೊಂಡರು. ಸಾಹೇಬರು ಕೂಡ ಇಸ್ತ್ರಿ ಕೆಡುವಷ್ಟು ನಕ್ಕರು. ನಗದವರು ಮೂವರು: ಮೇಡಂ, ಗೊತ್ತಪ್ಪ, ಅವನ ಹೆಂಡತಿ.

ಮೇಡಂ ನಿಧಾನವಾಗಿ ಕೇಳಿದರು: “ಹಾಗಾದ್ರೆ ಬಸಿರುಗೋಡೆ ಅಂತ ಒಂದು ಶೈಲಿ... ನಿಜವಾಗ್ಲೂ ಇದೆಯಾ ಸಾರ್?”

ಗೊತ್ತಪ್ಪನ ಬಾಯಿ ತೆರೆಯಿತು. ಒಳಗೆ ಉತ್ತರಗಳು ಸಾಲುಗಟ್ಟಿ ನಿಂತಿದ್ದವು, ಎಲ್ಲವೂ ಒಳ್ಳೆಯವೇ. ಅಷ್ಟರಲ್ಲಿ ಹೆಂಡತಿಯ ಬೆರಳು ಕಣ್ಣಿಗೆ ಬಿತ್ತು. ಸೂಜಿ ಚುಚ್ಚಿದಲ್ಲಿ ಬಟ್ಟೆಚೂರು ಸುತ್ತಿಕೊಂಡಿದ್ದಳು.

“ಗೊತ್ತಿಲ್ಲ ಮೇಡಂ” ಎಂದ.

ನಗು ನಿಂತುಹೋಯಿತು. ಅಜ್ಜಿ ಕಿವಿಗೆ ಕೈ ಹಚ್ಚಿ, “ಏನಂದ? ಏನಂದ?” ಎಂದು ಪಕ್ಕದವರನ್ನು ಕೇಳಿದಳು. ಹೇಳಿದರೆ ನಂಬಲಿಲ್ಲ. ಹೆಂಡತಿ ಸ್ಪಷ್ಟವಾಗಿ ಕೇಳಿಸಿಕೊಂಡಿದ್ದಳು. ಇಷ್ಟು ದಿನದ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿದುಹೋಗಿ, ಅವಳಿಗೆ ಗಂಡನ ಮೇಲೆ ಅಕ್ಕರೆ ಉಕ್ಕಿತು. ನಾಲ್ಕು ಜನರೆದುರು ತೋರಿಸಲಾಗದೆ ಸೆರಗು ಸರಿಮಾಡಿಕೊಂಡಳು.

ಸಾಹೇಬರು ಕೊಟ್ಟ ಮಾತಿನಂತೆ ಬೋರ್ಡು ಇಳಿಸಿದರು. ಆದರೆ ಒಮ್ಮೆ ಹೊರಬಂದ ಬೋರ್ಡನ್ನು ಕಚೇರಿಗೆ ವಾಪಸು ಒಯ್ಯುವುದು ಹೊಸದು ಬರೆಸುವುದಕ್ಕಿಂತ ಕಷ್ಟವಂತೆ. ಅಲ್ಲೇ ಮೂಲೆಮನೆಯ ಕೆತ್ತನೆ ಬಾಗಿಲು ನೋಡಿ ಮೇಡಂ ತಲೆಯಾಡಿಸಿದರು. ಎರಡು ಸಾಲು ಅಳಿಸಿ ಬೋರ್ಡನ್ನು ಮೇಷ್ಟ್ರ ಮನೆಗೆ ಹೊಡೆದರು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಮುಂದಿನ ಮಳೆಗೆ ತಲೆಯ ಮೇಲೂ ಬಂತು. ಮುತ್ತಜ್ಜನ ಹೆಂಚು ಸೋರತೊಡಗಿತ್ತು, ಮುಟ್ಟುವಂತಿರಲಿಲ್ಲ. ಈಗ ಅವರು ಮನೆಯೊಳಗೆ ಛತ್ರಿ ಬಿಡಿಸಿಕೊಂಡು ಕೂರುತ್ತಾರೆ, ಬಹಳ ತೃಪ್ತಿಯಿಂದ.

ಬಾಮೈದನ ಹೆಸರು ಕೆಡಲಿಲ್ಲ. ಊರ ಹೊರಗಿನ ಸಿರಿವಂತರು ಕೆಲವರು ತಮಗೂ ಅಂಥದೊಂದು ಗೋಡೆ ಬೇಕೆಂದು ಅವನನ್ನು ಹುಡುಕಿಕೊಂಡು ಬಂದರು. ಅವನ ಕೈಗೆ ಈಗ ಸೊಟ್ಟ ಬರುವುದಿಲ್ಲ. ಆದ್ದರಿಂದ ಅಂಥ ಕೆಲಸವಿದ್ದಾಗ ಭಾವನನ್ನು ಕರೆದುಕೊಂಡು ಹೋಗಿ ಎದುರಿಗೆ ನಿಲ್ಲಿಸಿ, “ನೆಟ್ಟಗಿದೆಯಾ ಭಾವ?” ಎಂದು ಕೇಳುತ್ತಾನೆ.

ಅಕ್ಕನ ಗೋಡೆಯನ್ನು ಮಾತ್ರ ಅವನು ಕೆಡವಲಿಲ್ಲ. ಹಾರೆ ಎತ್ತಿದ ದಿನ ಮೂಟೆಯವರು, ಅಂಚೆಯವನು, ಅಜ್ಜಿ ಎಲ್ಲರೂ ಬಂದು ಅಡ್ಡ ನಿಂತರು. ನಮ್ಮ ಬೆನ್ನಿಗೆ ಇನ್ನೆಲ್ಲಿ ಜಾಗ ಎಂದರು. ಕೊನೆಗೆ ಹೊಟ್ಟೆಯನ್ನು ಹಾಗೆಯೇ ಉಳಿಸಿ, ಅದರ ನಡುಮಧ್ಯೆ ಅಗಲವಾದ ಮರದ ಕಿಟಕಿ ಇಟ್ಟ. ಕೆಳಗೆ ಬೆನ್ನು ಆನಿಸುವಷ್ಟು ಉಬ್ಬು ಬಿಟ್ಟ. ಕಿಟಕಿ ಬೀದಿಗೆ ಒಂದಿಷ್ಟು ಮುಂದೆ ಬಂದದ್ದರಿಂದ, ಒಳಗೆ ಯಂತ್ರದ ಮುಂದೆ ಕೂತವಳಿಗೆ ಬೀದಿಯ ಈ ತುದಿಯೂ ಕಾಣುತ್ತಿತ್ತು, ಆ ತುದಿಯೂ ಕಾಣುತ್ತಿತ್ತು. ಬೆಳಕು ಕೋಣೆಯ ಮೂಲೆಗೂ ಹೋಯಿತು. ಅವಳು ಮೊದಲು ಹೊಲಿದದ್ದು ಮೇಷ್ಟ್ರಿಗೊಂದು ಅಂಗಿ. ಎರಡು ತೋಳುಗಳೂ ತಮ್ಮ ತಮ್ಮ ಕಡೆಗೇ ಇದ್ದವು. ಮೇಷ್ಟ್ರಿಗೆ ಒಂದು ವಾರ ಅಭ್ಯಾಸವಾಗದೆ ತೊಂದರೆಯಾಯಿತು.

ಒಂದು ಬೆಳಿಗ್ಗೆ ಗೊತ್ತಪ್ಪ ಕೆಲಸಕ್ಕೆ ಹೊರಟು ಕಿಟಕಿಯ ಹತ್ತಿರ ನಿಂತಿದ್ದ. ಒಳಗೆ ಹೆಂಡತಿ ಸೂಜಿ ಎತ್ತಿ ಹಿಡಿದು, ಒಂದೇ ಸಲಕ್ಕೆ ದಾರ ತೂರಿಸಿದಳು. ಎರಡನೆಯದಕ್ಕೂ ಅಷ್ಟೇ. ಗೊತ್ತಪ್ಪನಿಗೆ ಸಂತೋಷವೂ ಆಯಿತು, ಸಂಸಾರದಲ್ಲಿ ತನಗಿದ್ದ ಒಂದು ಕೆಲಸವೂ ಹೋಯಿತಲ್ಲ ಎಂದು ಪೆಚ್ಚೂ ಆಯಿತು.

ಅಷ್ಟರಲ್ಲಿ ಕ್ಯಾಮೆರಾ ನೇತುಹಾಕಿಕೊಂಡ ಹೊಸ ಮನುಷ್ಯನೊಬ್ಬ ಬೀದಿಗೆ ಬಂದ. ಕಿಟಕಿಯ ಮುಂದೆ ನಿಂತ. ಹಿಂದೆ ಹೋದ, ಪಕ್ಕದಿಂದ ನೋಡಿದ.

“ಸಾರ್, ಉಬ್ಬಿನ ಮೇಲೆ ಕಿಟಕಿ! ಇದು ಯಾವ ಶೈಲಿ? ನಿಮಗೆ ಗೊತ್ತಾ?”

ಗೊತ್ತಪ್ಪನ ಎದೆ ಉಬ್ಬಿತು. ಬಾಯಿ ತೆರೆಯಿತು. ‘ಗೊ’ ಎಂಬ ಅಕ್ಷರ ಹೊರಗೂ ಬಂತು.

ಕಿಟಕಿಯಿಂದ ಬಳೆ ತೊಟ್ಟ ಕೈಯೊಂದು ಹೊರಗೆ ಬಂದು, ಅವನ ಮೂಗಿನ ಮುಂದೆ ಒಂದು ಸೂಜಿಯನ್ನೂ ಒಂದು ಎಳೆ ದಾರವನ್ನೂ ಹಿಡಿಯಿತು.

“ರೀ, ಮೊದಲು ಇದನ್ನ ಪೋಣಿಸಿಕೊಡಿ. ನನಗೆ ಕಣ್ಣು ಕಾಣಲ್ಲ.”

ಗೊತ್ತಪ್ಪ ಹೆಂಡತಿಯ ಮುಖ ನೋಡಿದ. ಆ ಕಣ್ಣುಗಳಿಗೆ ಬೀದಿಯ ತುದಿಯವರೆಗೂ ಚೆನ್ನಾಗಿ ಕಾಣುತ್ತಿತ್ತು, ಅವು ನಗುತ್ತಲೂ ಇದ್ದವು. ಅವನು ಬೆಳಕಿಗೆ ತಿರುಗಿ, ದಾರದ ತುದಿಯನ್ನು ತುಟಿಗಳ ನಡುವೆ ಇಟ್ಟುಕೊಂಡು ಬಾಯಿ ಮುಚ್ಚಿದ.